ಜೇನಣ್ಣನ ಮನೆಯ ಫೋನು

ಫೋನು ಬಡಿದುಕೊಳ್ಳತೊಡಗಿದಾಗ ಜೇನಣ್ಣ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು ಖಾಲಿ ಪೆಟ್ಟಿಗೆಯೊಂದರ ಒಳಮೈಗೆ ಮೇಣ ಉಜ್ಜುತ್ತಿದ್ದ. ಮೊದಲ ರಿಂಗಿಗೆ ಮೇಣದ ಉಂಡೆ ಕೈಜಾರಿತು. ಎರಡನೆಯದಕ್ಕೆ ಮಂಡಿಯ ಮೇಲೆ ಕೈಯೂರಿ ಎದ್ದ. ಮೂರನೆಯದಕ್ಕೆ ಬಾವಿಕಟ್ಟೆ ದಾಟಿ, ನಾಲ್ಕನೆಯದಕ್ಕೆ ಒಗೆದು ಹರವಿದ್ದ ಸೀರೆಗಳ ಅಡಿಯಲ್ಲಿ ನುಸುಳಿ, ಅಡುಗೆಮನೆ ಹಾದು, ಆರನೆಯದಕ್ಕೆ ಮುಂದಿನ ಕೋಣೆ ಮುಟ್ಟಿದ. ಮೇಣ ಮೆತ್ತಿದ ಕೈಯಲ್ಲೇ ಫೋನೆತ್ತಿ, ಏದುಸಿರಿನ ನಡುವೆಯೇ, "ಎಲ್ಲಿ ಕೂತಿದೆ?" ಎಂದ.

"ನಮಸ್ಕಾರ ಸರ್," ಎಂದಿತು ಹೆಣ್ಣುದನಿಯೊಂದು. "ನಿಮ್ಮ ಮನೆಯಲ್ಲಿ ನೀವು ಕುಡಿಯುತ್ತಿರುವ ನೀರು ನಿಜವಾಗಿಯೂ ಶುದ್ಧವಾಗಿದೆಯೇ?"

ಅವನು ಫೋನಿಟ್ಟುಬಿಟ್ಟ. ಕಿಟಕಿಯ ಬಳಿ ಹೊಲಿಗೆ ಯಂತ್ರದ ಮುಂದಿದ್ದ ಹೆಂಡತಿ ಕಾಲು ನಿಲ್ಲಿಸದೆಯೇ ಕೇಳಿದಳು.

"ಜೇನಾ?"

"ನೀರು."

"ಬೆಳಿಗ್ಗೆ ಬಂದಿದ್ದು?"

"ಮಂಡಿನೋವಿನ ಎಣ್ಣೆ."

"ಅದನ್ನಾದ್ರೂ ತಗೋಬೇಕಿತ್ತು ರೀ. ದಿನಕ್ಕೆ ಹತ್ತು ಸಲ ಹೀಗೆ ಓಡಿದ್ರೆ ನಾಳೆ ಬೇಕೇ ಆಗತ್ತೆ."

ಓಡದೆ ಇರುವಂತಿರಲಿಲ್ಲ. ಹಿತ್ತಲಿನ ಐದು ಪೆಟ್ಟಿಗೆಗಳಲ್ಲಿ ಹೋದ ವರ್ಷದವರೆಗೆ ಐದು ಜೇನು ಕುಟುಂಬಗಳಿದ್ದವು. ಮಳೆಗಾಲ ಮುಗಿಯುವಾಗ ರೋಗ ಬಿದ್ದು ಒಂದರ ಹಿಂದೊಂದು ಖಾಲಿಯಾದವು. ಪೆಟ್ಟಿಗೆ ಮತ್ತೆ ತುಂಬಬೇಕಾದರೆ ಎಲ್ಲಿಂದಲೋ ಎದ್ದು ಬಂದ ಹಿಂಡೊಂದು ಸಿಗಬೇಕು. ಹೂವಿನ ಕಾಲದಲ್ಲಿ ಗೂಡು ಕಿಕ್ಕಿರಿದಾಗ ಜೇನು ಪಾಲಾಗುತ್ತದೆ. ಹಳೆಯ ರಾಣಿ ಅರ್ಧ ಸಂಸಾರ ಕಟ್ಟಿಕೊಂಡು ಹೊರಬೀಳುತ್ತದೆ. ಹೊಸ ಜಾಗ ಗೊತ್ತಾಗುವ ತನಕ ಅವು ಯಾವುದಾದರೂ ಕೊಂಬೆಗೋ, ನೀರಿನ ಟ್ಯಾಂಕಿಗೋ, ಯಾರದ್ದೋ ಮೀಟರ್ ಪೆಟ್ಟಿಗೆಗೋ ಗೊಂಚಲಾಗಿ ಜೋತುಬಿದ್ದಿರುತ್ತವೆ. ಅದು ಒಂದು ಗಂಟೆಯ ಮಾತಿರಬಹುದು, ಒಂದು ದಿನದ್ದಿರಬಹುದು. ಕಂಡವರು ಕೂಡಲೇ ತಿಳಿಸಬೇಕು, ಅವನು ಕೂಡಲೇ ಹೊರಡಬೇಕು.

ಅದಕ್ಕೇ ಇಪ್ಪತ್ತು ವರ್ಷದ ಹಿಂದೆ ದೊಡ್ಡ ರಸ್ತೆಯ ತಿರುವಿನಲ್ಲಿ ತಗಡಿನ ಬೋರ್ಡು ನೆಡಿಸಿದ್ದ: "ಜೇನು ಕೂತರೆ ಸುಡಬೇಡಿ, ಓಡಿಸಬೇಡಿ, ಫೋನ್ ಮಾಡಿ." ಅಡಿಯಲ್ಲಿ ಮನೆಯ ಫೋನ್ ನಂಬರು. ಗುಡ್ಡದ ಮಗ್ಗುಲಿನ ಆ ಮನೆಗೆ ಮೊಬೈಲು ಹಿಡಿಯುತ್ತಿರಲಿಲ್ಲವಾಗಿ ತಂತಿಯ ಫೋನೇ ಗತಿ. ಕರೆ ಮಾಡುವವರು ಎಂದೂ ಹೊಸಬರೇ, ಹೊಸ ಹೊಸ ನಂಬರುಗಳೇ. ಯಾವುದನ್ನೂ ಬಿಡುವ ಹಾಗಿಲ್ಲ.

ಈ ವರ್ಷ ಆ ನಂಬರು ಯಾರ ಕೈಗೆ ಸಿಕ್ಕಿತೋ, ಹೂವು ಬಿಡುವ ಹೊತ್ತಿಗೆ ಸರಿಯಾಗಿ ಕಾಟ ಶುರುವಾಯಿತು. ನೀರಿನ ಯಂತ್ರ, ಕೂದಲೆಣ್ಣೆ, ಸೈಟು, ವಿಮೆ. ಕೆಲವು ಸಲ ಮನುಷ್ಯರೂ ಅಲ್ಲ, ಮೊದಲೇ ತುಂಬಿಸಿಟ್ಟ ದನಿ. ಬೈದರೂ ಅದು ತನ್ನ ಪಾಡಿಗೆ ನಗುನಗುತ್ತಾ ಮುಂದುವರಿಯುತ್ತಿತ್ತು. ಹೂವಿನ ಕಾಲ ಇನ್ನು ಮೂರು ವಾರವಿತ್ತು. ಅದು ಮುಗಿದರೆ ಜೇನು ಪಾಲಾಗುವುದೂ ಮುಗಿಯುತ್ತದೆ. ಅಷ್ಟರಲ್ಲಿ ಒಂದೂ ತುಂಬದಿದ್ದರೆ ಐದು ಪೆಟ್ಟಿಗೆಗಳನ್ನೂ ಒಯ್ದುಬಿಡು ಎಂದು ಅವನು ಬಡಗಿಗೆ ಹೇಳಿಯಾಗಿತ್ತು. ಖಾಲಿ ಪೆಟ್ಟಿಗೆ ನೋಡಿಕೊಂಡು ಇನ್ನೊಂದು ವರ್ಷ ತೆಗೆಯುವ ವಯಸ್ಸು ತನ್ನದಲ್ಲ ಎಂಬುದು ಅವನ ಲೆಕ್ಕ. ಹೇಳಿದ ದಿನ ಊಟ ಸೇರಿರಲಿಲ್ಲ.

ಈ ಫೋನುಗಳಿಂದ ಮನೆಯಲ್ಲಿ ಸಂತೋಷಪಟ್ಟವಳೆಂದರೆ ಅವನ ಅಕ್ಕ ಒಬ್ಬಳೇ. ಗಂಡ ಹೋದ ಮೇಲೆ ತಮ್ಮನ ಮನೆಗೆ ಬಂದವಳು ಹನ್ನೊಂದು ವರ್ಷದಿಂದ ಮುಂದಿನ ಕೋಣೆಯ ಬೆಂಚಿನ ಮೇಲೆ ಕೂತು ಕಾಳು ಬಿಡಿಸುತ್ತಲೋ, ನಾದಿನಿ ಹೊಲಿದ ಬಟ್ಟೆಗೆ ಗುಂಡಿ ಹಾಕುತ್ತಲೋ ಇರುವಳು. ಮಾತೆಂದರೆ ಪ್ರಾಣ. ಅವಳ ಕೈಗೆ ಫೋನು ಸಿಕ್ಕರೆ ಮಾರಲು ಬಂದವರೇ ದಿಕ್ಕೆಡುತ್ತಿದ್ದರು.

"ಯಂತ್ರ ಆಮೇಲಿರಲಿ ಮಗಳೇ, ಊಟ ಆಯ್ತಾ?... ಈಗ ಮೂರು ಗಂಟೆ, ಇನ್ನೂ ಇಲ್ವಾ? ಅದ್ಯಾವ ಆಫೀಸೇ ಅದು?"

"ಅಕ್ಕಾ, ಇಡು ಫೋನು!" ಎಂದು ಜೇನಣ್ಣ ಹಿತ್ತಲಿಂದ ಕೂಗುತ್ತಿದ್ದ. "ಲೈನು ಕಟ್ಟಿ ಹಾಕ್ಬೇಡ. ಅಷ್ಟರಲ್ಲಿ ಯಾರಾದ್ರೂ ಮಾಡಿದ್ರೆ?"

"ಇಡ್ತೀನಿ ಕಣೋ. ಪಾಪ, ಅವಳಿಗೆ ತಲೆನೋವಂತೆ."

ಉಪಾಯ ಹುಡುಕಿದವಳು ಹೆಂಡತಿ. ಒಂದು ಮಧ್ಯಾಹ್ನ ತೋಳು ಜೋಡಿಸುತ್ತಿದ್ದ ರವಿಕೆಯನ್ನು ಸೂಜಿಯಡಿಯಲ್ಲೇ ಬಿಟ್ಟು ಹೇಳಿದಳು: "ಮಾರೋರು ಒಂದೇ ಸಮ ಬಡೀತಾರೆ, ಕೇಳಿದ್ದೀರಾ? ಎತ್ತೋ ತನಕ ಬಿಡಲ್ಲ. ನಮ್ಮೋರಿಗೆ ಒಂದು ಗುರುತು ಕೊಡೋಣ. ಎರಡು ರಿಂಗ್ ಆದ ಮೇಲೆ ಇಟ್ಟುಬಿಡಬೇಕು, ಮತ್ತೆ ಮಾಡಬೇಕು. ಹಾಗೆ ಬಂದ್ರೆ ಓಡಿ. ಇಲ್ದಿದ್ರೆ ಬಡ್ಕೊಳ್ಳಲಿ."

ಜೇನಣ್ಣ ಅವಳನ್ನೇ ಒಂದು ಗಳಿಗೆ ನೋಡಿದ. "ಇಷ್ಟು ದಿನ ಎಲ್ಲಿಟ್ಟಿದ್ದೆ ಈ ಬುದ್ಧೀನ?"

"ನೀವು ಕೇಳಿದ್ರೆ ತಾನೇ."

ಮರುದಿನವೇ ಅವನು ಬಣ್ಣದ ಡಬ್ಬಿ ಹಿಡಿದು ತಿರುವಿಗೆ ಹೋದ. ಬೋರ್ಡಿನಲ್ಲಿ ಜಾಗ ಉಳಿದಿರಲಿಲ್ಲವಾದ್ದರಿಂದ ಹೊಸ ಸಾಲು ಅಂಚಿಗೆ ಬರುತ್ತಾ ಬರುತ್ತಾ ಸಣ್ಣದಾಗಿ, ಕೊನೆಯ "ಮಾಡಿ" ಎಂಬುದು ಬೋರ್ಡಿನ ಕಂಬಕ್ಕೆ ಇಳಿಯಿತು. ಹಾಲಿನ ವ್ಯಾನಿನವನಿಗೂ ಹೇಳಿದ; ಅವನು ನಿಲ್ಲಿಸಿದ ಕಡೆಯೆಲ್ಲ ಹಾಲಿನ ಜೊತೆ ಸುದ್ದಿಯನ್ನೂ ಅಳೆದು ಕೊಟ್ಟು ಬಂದ. ಎರಡೇ ದಿನದಲ್ಲಿ ಸುತ್ತಲಿನವರಿಗೆಲ್ಲ ಗುರುತು ಗೊತ್ತಾಯಿತು.

ಆಮೇಲೆ ಮನೆಗೆ ಬಂದದ್ದು ಸುಖ. ಫೋನು ಬಡಿದುಕೊಳ್ಳುತ್ತಿತ್ತು, ಯಾರೂ ಕೂತಲ್ಲಿಂದ ಏಳುತ್ತಿರಲಿಲ್ಲ. ಹೆಂಡತಿ ರಿಂಗಿನ ತಾಳಕ್ಕೆ ಸರಿಯಾಗಿ ಪೆಡಲು ತುಳಿಯುವುದನ್ನು ಕಲಿತಳು. ಜೇನಣ್ಣ ಹಿತ್ತಲಲ್ಲಿ ಎರಡನೆಯ ರಿಂಗಿನ ತನಕ ಕೈ ನಿಲ್ಲಿಸಿ ಕೇಳುವನು. ಮೂರನೆಯದು ಬಂದರೆ ಮತ್ತೆ ಉಜ್ಜುವನು. ಮಂಡಿಗೂ ಸ್ವಲ್ಪ ಆರಾಮವಾಯಿತು. ಅಕ್ಕ ಮಾತ್ರ ಪ್ರತಿ ರಿಂಗಿಗೂ ಬೆಂಚಿನ ಮೇಲೆ ಸಣ್ಣಗೆ ಮಿಸುಕುತ್ತಿದ್ದಳು.

"ಬಾಗಿಲು ತಟ್ಟಿದವರಿಗೆ ಬಾಗಿಲು ತೆಗೀದೆ ಒಳಗೆ ಉಸಿರು ಬಿಗಿಹಿಡಿದು ಕೂತ ಹಾಗಾಗತ್ತೆ ನಂಗೆ."

"ನೀವು ಉಸಿರು ಬಿಡಿ ಅತ್ತಿಗೆ," ಎಂದಳು ನಾದಿನಿ, "ಫೋನು ಮಾತ್ರ ಎತ್ತಬೇಡಿ."

ಆರನೆಯ ದಿನ ಗುರುತಿನ ಪ್ರಕಾರ ಮೊದಲ ಫೋನು ಬಂತು. ಎರಡು ರಿಂಗು, ಮೌನ, ಮತ್ತೆ ರಿಂಗು. ಶಾಲೆಯ ಗೇಟಿನ ಮೇಲೆ ಹಿಂಡು ಕೂತಿದೆ ಎಂದು ಮೇಷ್ಟ್ರು ಕರೆದಿದ್ದರು. ಜೇನಣ್ಣ ಸೈಕಲ್ ತುಳಿದುಕೊಂಡು ಹೋದ. ಗೇಟಿನ ಸರಳಿನ ಮೇಲೆ ಒಂದಿಷ್ಟು ಮೇಣದ ಚುಕ್ಕಿ, ದಾರಿ ತಪ್ಪಿದ ನಾಲ್ಕು ಹುಳು, ಅಷ್ಟೇ ಉಳಿದಿತ್ತು. "ಹತ್ತು ನಿಮಿಷ ಆಯ್ತು ನೋಡಿ, ಎದ್ದು ಹೋಯ್ತು," ಎಂದು ಮೇಷ್ಟ್ರು ಆಕಾಶದ ಕಡೆ ಕೈ ತೋರಿಸಿದರು. ಜೇನಣ್ಣ ಅತ್ತಲೇ ನೋಡುತ್ತಾ ಸ್ವಲ್ಪ ಹೊತ್ತು ನಿಂತಿದ್ದು ಸೈಕಲ್ ತಳ್ಳಿಕೊಂಡೇ ಮನೆಗೆ ಬಂದ.

ಮತ್ತೆರಡು ದಿನ ಬಿಟ್ಟು ಗುರುತಿನ ಫೋನು ಇನ್ನೊಮ್ಮೆ ಬಂತು. ಈ ಸಲ ಅವನು ನಾಲ್ಕನೇ ರಿಂಗಿಗೇ ಮುಟ್ಟಿದ. ದಾರಿಯಲ್ಲಿ ಬಟ್ಟೆಯ ತಂತಿ ಕುತ್ತಿಗೆಗೆ ಸಿಕ್ಕಿ ಒದ್ದೆ ಟವಲೊಂದು ಅವನ ಹೆಗಲೇರಿಯೇ ಬಂದಿತ್ತು.

"ಎಲ್ಲಿ ಕೂತಿದೆ?"

"ನಮಸ್ಕಾರ ಸರ್, ನೀವು ಕುಡಿಯುತ್ತಿರುವ ನೀರು—"

ಜೇನಣ್ಣ ಫೋನನ್ನು ಕಿವಿಯಿಂದ ದೂರ ಹಿಡಿದು ಅದನ್ನೇ ನೋಡಿದ. ಆಮೇಲೆ ಕೋಣೆಯನ್ನು ನೋಡಿದ. ಹೊಲಿಗೆ ಯಂತ್ರ ನಿಂತಿತ್ತು. ಅಕ್ಕ ಮಡಿಲಿನ ಕಾಳನ್ನು ಬಹಳ ಗಮನವಿಟ್ಟು ಆರಿಸುತ್ತಿದ್ದಳು.

"ಅಕ್ಕಾ."

"ಏನೋ?"

"ಇವಳಿಗೆ ಗುರುತು ಹೇಳಿಕೊಟ್ಟವರು ಯಾರು?"

"ಮೊನ್ನೆ ನೀವಿಬ್ರೂ ಮದುವೆಗೆ ಹೋಗಿದ್ರಲ್ಲ, ಆವಾಗ ಮಾಡಿದ್ಲು. ಎಷ್ಟು ಸಲ ಮಾಡಿದ್ರೂ ಯಾಕೆ ದೊಡ್ಡಮ್ಮ ಎತ್ತಲ್ಲ ಅಂತ ಕೇಳಿದ್ಲು. ಸುಳ್ಳು ಹೇಳಕ್ಕಾಗತ್ತಾ? ಸುಮ್ನೆ ಬಡಿದ್ರೆ ನಮ್ಮಲ್ಲಿ ಯಾರೂ ಎತ್ತಲ್ಲ ಮಗಳೇ, ಎರಡು ಬಿಟ್ಟು ಮತ್ತೆ ಮಾಡು ಅಂದೆ."

"ಬೀಗ ಹಾಕಿ, ಬೀಗದಕೈ ಕಳ್ಳರ ಕೈಲೇ ಕೊಟ್ಟು ಬಂದ್ರಲ್ಲ ಅತ್ತಿಗೆ!" ಎಂದು ಹೆಂಡತಿ ಹಣೆಗೆ ಕೈ ಹಚ್ಚಿದಳು. ಆದರೆ ಟವಲು ಹೊದ್ದು ನಿಂತ ಗಂಡನನ್ನು ಕಂಡು ಅವಳಿಗೆ ನಗು ತಡೆಯಲಾಗಲಿಲ್ಲ.

ಅವನಿಗೆ ನಗು ಬರಲಿಲ್ಲ. ಫೋನನ್ನು ಮತ್ತೆ ಕಿವಿಗಿಟ್ಟುಕೊಂಡ.

"ನೋಡಮ್ಮ, ನಮಗೆ ನಿನ್ನ ಯಂತ್ರ ಬೇಡ. ಬಾವಿ ಇದೆ, ನೀರು ಚೆನ್ನಾಗಿದೆ. ನಾವು ಇಲ್ಲಿ ಜೇನಿನ ಫೋನು ಕಾಯ್ತಾ ಇದ್ದೀವಿ."

"ಜೇನು... ಫೋನ್ ಮಾಡತ್ತಾ ಸರ್?"

ಅವನು ಸಿಟ್ಟಿನಲ್ಲೇ ಹೇಳಲು ಹೊರಟ. ಆದರೆ ಜೇನಿನ ಮಾತು ಸಿಟ್ಟಿನಲ್ಲಿ ಹೇಳಿ ಅವನಿಗೆ ರೂಢಿಯಿರಲಿಲ್ಲ. ಪಾಲಾಗುವುದು, ರಾಣಿ ಹೊರಡುವುದು, ಗೊಂಚಲು ಕೂರುವುದು, ಯಾರಾದರೂ ಕಂಡು ತಿಳಿಸುವುದು, ಐದು ಪೆಟ್ಟಿಗೆ, ಮೂರು ವಾರ ಇದ್ದದ್ದು ಈಗ ಒಂದೂವರೆಯಾದದ್ದು ಎಲ್ಲವೂ ಬಂತು. ಹುಡುಗಿ ಹೂಂ, ಹೂಂ ಎನ್ನುತ್ತಿದ್ದಳು. ಕೊನೆಗೆ ತಗ್ಗಿದ ದನಿಯಲ್ಲಿ, "ನಂಗೆ ಗೊತ್ತಿರಲಿಲ್ಲ ಸರ್. ನಿಮ್ಮ ನಂಬರು ತೆಗೆದುಹಾಕ್ತೀನಿ. ನಾನಂತೂ ಇನ್ನು ಮಾಡಲ್ಲ," ಎಂದಳು. ಆಮೇಲೆ ಅವಳಿಂದ ಫೋನು ಬರಲಿಲ್ಲ. ಅಕ್ಕ ಎರಡು ದಿನ ತಮ್ಮನ ಹತ್ತಿರ ಮಾತು ಬಿಟ್ಟಳು. ಮೂರನೆಯ ದಿನ ತಡೆಯಲಾಗದೆ ತಾನೇ ಶುರುಮಾಡಿದಳು.

ಒಂದೂವರೆ ವಾರವೂ ಸವೆಯಿತು. ಗುಡ್ಡದ ಹೂವು ಉದುರಿ ಕಾಲುದಾರಿಯೆಲ್ಲ ಕಂದು ಬಣ್ಣಕ್ಕೆ ತಿರುಗಿತು. ಹೇಳಿದ ದಿನ ಬಡಗಿ ತನ್ನ ಸಣ್ಣ ಲಗೇಜು ಆಟೋವನ್ನು ಹಿತ್ತಲ ಬಾಗಿಲಿಗೇ ತಂದು ನಿಲ್ಲಿಸಿದ. ಮಾತು ಬಿರುಸು, ಕೈ ಅದಕ್ಕಿಂತ ಬಿರುಸು. ಜೇನಣ್ಣ ನೋಡನೋಡುತ್ತಿದ್ದಂತೆ ಮೂರು ಪೆಟ್ಟಿಗೆ ಗಾಡಿಯೇರಿದವು.

"ಒಳ್ಳೇ ಹಳೇ ಮರ ಜೇನಣ್ಣ," ಎಂದು ಬಡಗಿ ನಾಲ್ಕನೆಯದನ್ನೂ ಗಾಡಿಗೇರಿಸಿ ಬೆರಳಿನಿಂದ ಬಡಿದು ನೋಡಿದ. "ಕೋಳಿಗೂಡಿಗೆ ಹೇಳಿ ಮಾಡಿಸಿದ ಹಾಗಿದೆ."

"ಹೂಂ," ಎಂದ ಜೇನಣ್ಣ. ಆ ಪೆಟ್ಟಿಗೆಯ ಮುಚ್ಚಳ ಎಡಗಡೆ ಸ್ವಲ್ಪ ಎತ್ತಿ ನೂಕಿದರೆ ಮಾತ್ರ ಕೂರುತ್ತದೆ. ಅದನ್ನು ಬಡಗಿಗೆ ಹೇಳಬೇಕೆನಿಸಿತು. ಕೋಳಿಗಳಿಗೆ ಯಾಕೆ ಅದೆಲ್ಲ ಎಂದು ಸುಮ್ಮನಾದ.

ಒಳಗೆ ಫೋನು ಎರಡು ಸಲ ಬಡಿದು ನಿಂತಿತು. ಮತ್ತೆ ಬಡಿಯತೊಡಗಿತು.

"ಹೂವೇ ಮುಗೀತು, ಇನ್ನು ಜೇನೆಲ್ಲಿಂದ? ನಿಮ್ಮ ಅಕ್ಕನ ಆ ನೀರಿನ ಮಗಳೇ ಇರಬೇಕು," ಎಂದಳು ಹೆಂಡತಿ ಕಿಟಕಿಯಿಂದಲೇ.

"ಎತ್ತಬೇಡ ಅಕ್ಕಾ!" ಎಂದು ಜೇನಣ್ಣ ಕೂಗಿದ. ಯಾರು ಕೇಳುತ್ತಾರೆ? ಅಕ್ಕ ಎದ್ದ ರಭಸಕ್ಕೆ ಮಡಿಲಿನ ಕಾಳೆಲ್ಲ ನೆಲಕ್ಕೆ ಚೆಲ್ಲಿದ ಸದ್ದು ಹಿತ್ತಲಿಗೇ ಕೇಳಿಸಿತು. ಸ್ವಲ್ಪ ಹೊತ್ತಿಗೆ ಅವಳೇ ಅಡುಗೆಮನೆ ಬಾಗಿಲಿಗೆ ಬಂದು ನಿಂತಳು.

"ತಮ್ಮಾ, ನೀರಿನ ಹುಡುಗಿ ಕಣೋ. ಅವಳ ಆಫೀಸಿನ ಕಿಟಕಿ ಹೊರಗೆ ಜೇನು ಕೂತಿದೆಯಂತೆ."

"ಮಾರೋಕೆ ಇದೊಂದು ಹೊಸ ಆಟ," ಎಂದ ಬಡಗಿ.

ಜೇನಣ್ಣನೂ ಹಾಗೇ ಅಂದುಕೊಂಡ. ಆದರೆ ಅಂದುಕೊಳ್ಳುವಷ್ಟರಲ್ಲಿ ಕಾಲು ಬಾವಿಕಟ್ಟೆ ದಾಟಿತ್ತು.

"ಎಷ್ಟು ದೊಡ್ಡದಿದೆ?" ಎಂದು ಕೇಳಿದ, ಪರೀಕ್ಷೆ ಮಾಡುವ ದನಿಯಲ್ಲಿ.

ಹುಡುಗಿ ಪಿಸುಗುಟ್ಟಿದಳು. "ನಮ್ಮ ಮ್ಯಾನೇಜರ್ ಹೊಟ್ಟೆಯಷ್ಟು ಸರ್."

"ನಿಮ್ಮ ಮ್ಯಾನೇಜರನ್ನ ನಾನು ನೋಡಿಲ್ಲಮ್ಮ."

"ಒಂದು ಕೊಡಪಾನದಷ್ಟು. ಏಸಿ ಪೆಟ್ಟಿಗೆ ಅಡಿಗೆ ಜೋತುಬಿದ್ದಿದೆ."

"ಹುಳು ಎಷ್ಟುದ್ದ? ಮಧ್ಯೆ ಎಲ್ಲಾದ್ರೂ ಬೆಳ್ಳಗೆ ಮೇಣದ ತಟ್ಟೆ ಕಾಣತ್ತಾ, ಗೂಡು ಕಟ್ಟಿದ ಹಾಗೆ?"

"ಮನೆ ನೊಣಕ್ಕಿಂತ ಸ್ವಲ್ಪ ಉದ್ದ. ಬೆಳ್ಳಗೆ ಏನೂ ಇಲ್ಲ ಸರ್, ಬರೀ ಹುಳು, ಒಂದರ ಕಾಲು ಒಂದು ಹಿಡ್ಕೊಂಡಿವೆ. ಬೇಗ ಬನ್ನಿ. ಔಷಧಿ ಹೊಡೆಯೋರಿಗೆ ಹೇಳಿಬಿಟ್ಟಿದ್ದಾರೆ, ನಾಲ್ಕು ಗಂಟೆಗೆ ಬರ್ತಾರೆ. ನಿಮ್ಮ ನಂಬರು ಹುಡುಕೋದೇ ಕಷ್ಟ ಆಯ್ತು. ಕರೆ ಮಾಡಬಾರದವರ ಪಟ್ಟಿಗೆ ನಾನೇ ಹಾಕಿದ್ದೆ, ಪಕ್ಕದಲ್ಲಿ ಜೇನು ಅಂತ ಬರೆದಿಟ್ಟಿದ್ದೆ, ಅದಕ್ಕೆ ಸಿಕ್ತು."

ಒಂದರ ಕಾಲು ಒಂದು ಹಿಡಿದುಕೊಂಡಿವೆ ಎಂಬುದು ಮಾರುವವರ ಬಾಯಿಪಾಠದಲ್ಲಿ ಬರುವ ಮಾತಲ್ಲ. ಕಣ್ಣಾರೆ ಕಂಡವರ ಮಾತು. ಜೇನಣ್ಣ ವಿಳಾಸ ಕೇಳಿಕೊಂಡ. ಗೋಡೆಯ ಗಡಿಯಾರದಲ್ಲಿ ಮೂರು ಹತ್ತು. ಅವನು ಫೋನಿಡುವ ಮೊದಲೇ ಹೆಂಡತಿ ತಾನೇ ಹೊಲಿದಿದ್ದ ಬಿಳಿ ಬಟ್ಟೆಯ ಚೀಲ, ಬಾಯಿಗೆ ದಾರ ಪೋಣಿಸಿದ್ದು, ಅವನ ಹೆಗಲಿಗೆ ಹಾಕಿದಳು.

"ಗಾಡಿ ತೆಗಿ," ಎಂದ ಬಡಗಿಗೆ.

"ಪೆಟ್ಟಿಗೆ ಇಳಿಸಿ ಹೋಗೋಣ್ವಾ?"

"ಇಳಿಸೋದೇನು ಬಂತು? ಅದಕ್ಕೇ ತಾನೇ ಹೋಗ್ತಿರೋದು! ಹತ್ತು ಬೇಗ."

ಪೇಟೆ ಎಂಟು ಮೈಲಿ. ಬಡಗಿ ದಾರಿಯುದ್ದಕ್ಕೂ ಕೋಳಿಗೂಡು ಹೋಯಿತಲ್ಲ ಎಂದು ಗೊಣಗಿದ. ಗೊಣಗುತ್ತಲೇ ಎಲ್ಲ ಗಾಡಿಗಳನ್ನೂ ಹಿಂದೆ ಹಾಕಿದ. ಹಾರ್ಡ್‌ವೇರ್ ಅಂಗಡಿಯ ಮೇಲೆ ಮೂರನೆಯ ಮಹಡಿ. ಒಂದು ಕೈಯಲ್ಲಿ ಪೆಟ್ಟಿಗೆ, ಒಂದು ಕೈಯಲ್ಲಿ ಕಂಬಿ ಹಿಡಿದು ಜೇನಣ್ಣ ಮೆಟ್ಟಿಲು ಹತ್ತಿದ. ಕೊನೆಯ ಮೆಟ್ಟಿಲಲ್ಲಿ ನಿಂತು ಉಸಿರು ತೆಗೆದುಕೊಳ್ಳುವಾಗ ಒಳಗಿನಿಂದ ಗುಂಯ್ ಎಂಬ ಸದ್ದು ಕೇಳಿಸಿತು, ತುಂಬಿದ ಪೆಟ್ಟಿಗೆಗೆ ಕಿವಿಯಿಟ್ಟ ಹಾಗೆ. ಹಿಂಡು ಒಳಗೇ ನುಗ್ಗಿಬಿಟ್ಟಿತೇ ಎಂದುಕೊಂಡ. ಬಾಗಿಲು ತಳ್ಳಿದರೆ ಉದ್ದ ಮೇಜುಗಳ ಮುಂದೆ ಮೂವತ್ತು ಮಂದಿ ಹುಡುಗ ಹುಡುಗಿಯರು, ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ತಗ್ಗಿದ ದನಿಯಲ್ಲಿ ಯಾರ ಯಾರದ್ದೋ ಮನೆಗಳಿಗೆ ನೀರಿನ ಮಾತು ಹೇಳುತ್ತಿದ್ದರು. ಜೇನಣ್ಣ ಪೆಟ್ಟಿಗೆ ಕೆಳಗಿಟ್ಟು ಒಂದು ಕ್ಷಣ ಆ ಸದ್ದು ಕೇಳುತ್ತಾ ನಿಂತ. ಅವನಿಗೆ ಅದರ ಮೇಲೆ ಮೊದಲಿನ ಸಿಟ್ಟು ಹುಟ್ಟಲಿಲ್ಲ.

"ಬಂದ್ರಾ ಸರ್?" ಎಂದು ಕಡ್ಡಿಯಂಥ ಹುಡುಗಿಯೊಬ್ಬಳು ಎದ್ದು ಬಂದಳು. ತನ್ನನ್ನು ಅಷ್ಟು ಸಲ ಓಡಿಸಿದ ದನಿ ಈ ದೇಹದ್ದೇ ಎಂದು ಅವನಿಗೆ ಆಶ್ಚರ್ಯವಾಯಿತು. "ದೊಡ್ಡಮ್ಮ ಹೇಗಿದ್ದಾರೆ?"

"ನೆಲದ ಮೇಲೆ ಕಾಳು ಹೆಕ್ಕುತ್ತಿದ್ದಾಳೆ. ಕಿಟಕಿ ತೋರಿಸು."

ಗೊಂಚಲು ಕೈಗೆಟುಕುವಷ್ಟು ದೂರದಲ್ಲಿ ತೂಗುತ್ತಿತ್ತು, ತೇವದ ಕಂದು ಬಣ್ಣದ್ದು, ಮೇಲ್ಮೈ ಮೆಲ್ಲಗೆ ಹರಿದಾಡುತ್ತಿತ್ತು. ಮ್ಯಾನೇಜರು ದೂರದ ಕಂಬದ ಹಿಂದಿನಿಂದ, "ಕಿಟಕಿ ತೆಗೀಬೇಡಿ, ಕಚ್ಚತ್ತೆ!" ಎಂದ. ಹೊಟ್ಟೆಯ ಅಂದಾಜು ಹುಡುಗಿ ಸರಿಯಾಗಿಯೇ ಕೊಟ್ಟಿದ್ದಳು.

"ಮನೆ ಇಲ್ಲದವಕ್ಕೆ ಕಚ್ಚೋ ಪುರುಸೊತ್ತು ಇರಲ್ಲ ಸ್ವಾಮಿ. ನೀವು ಮಾತ್ರ ಕಿರುಚಬೇಡಿ. ಒಂದರ್ಧ ಗಂಟೆ ಎಲ್ಲರೂ ಸುಮ್ನಿರಿ."

ಮೂವತ್ತು ಮಂದಿಯೂ ಕಿವಿಯದು ಕಳಚಿಟ್ಟು ಸುಮ್ಮನಾದರು. ಜೇನಣ್ಣ ಕಿಟಕಿ ತೆರೆದು, ಅಂಗೈಯಲ್ಲಿ ನೀರು ತೆಗೆದುಕೊಂಡು ಗೊಂಚಲಿನ ಮೇಲೆ ಮೆಲ್ಲನೆ ಚಿಮುಕಿಸಿದ. ಹುಳುಗಳು ಇನ್ನಷ್ಟು ಒತ್ತಾಗಿ ಮುದುಡಿದವು. ಚೀಲದ ಬಾಯಿ ಅಗಲಿಸಿ ಕೆಳಗಿನಿಂದ ಏರಿಸಿ, ಬರಿಗೈ ಅಂಚನ್ನು ಏಸಿಯ ತಗಡಿಗೆ ತಾಗಿಸಿ, ಒಂದೇ ಎಳೆತಕ್ಕೆ ಬಿಡಿಸಿದ. ಚೀಲ ಧೊಪ್ಪೆಂದು ತೂಗಿತು. ಆ ತೂಕ ಕೈಗೆ ಬಂದು ಒಂದು ವರ್ಷವಾಗಿತ್ತು.

ಪೆಟ್ಟಿಗೆಗೆ ಸುರಿದು, ಮುಚ್ಚಳವನ್ನು ಎಡಗಡೆ ಸ್ವಲ್ಪ ಎತ್ತಿ ನೂಕಿ ಕೂರಿಸಿ, ಕಿಟಕಿಯ ಚೌಕಟ್ಟಿನ ಮೇಲಿಟ್ಟ. ಇನ್ನು ನೋಡಬೇಕಾದದ್ದು ಒಂದೇ: ರಾಣಿ ಒಳಗೆ ಬಿದ್ದಿದ್ದರೆ ಉಳಿದವು ಹಿಂದೆ ಬರುತ್ತವೆ, ಬೀಳದಿದ್ದರೆ ಒಳಗಿನವೂ ಎದ್ದು ಹೋಗುತ್ತವೆ. ಅವನು ನಿಂತ. ಹುಡುಗಿ ಪಕ್ಕದಲ್ಲಿ ನಿಂತಳು. ಬಡಗಿಯೂ ಗೊಣಗಾಟ ಮರೆತು ನಿಂತ. ಮೊದಲು ಒಂದು ಹುಳು ಪೆಟ್ಟಿಗೆಯ ಸಣ್ಣ ಬಾಗಿಲಿಗೆ ಬಂದು, ತಲೆ ಒಳಗೆ ಮಾಡಿ ಹಿಂಬದಿ ಎತ್ತಿ ರೆಕ್ಕೆ ಬೀಸತೊಡಗಿತು. ಅದರ ಪಕ್ಕದಲ್ಲಿ ಇನ್ನೊಂದು. ಗಾಳಿಯಲ್ಲಿ ದಿಕ್ಕೆಟ್ಟು ಸುತ್ತುತ್ತಿದ್ದವು ಒಂದೊಂದೇ ಇಳಿದು, ಸಾಲುಗಟ್ಟಿ, ಒಳಗೆ ನಡೆದವು.

"ಏನು ಮಾಡ್ತಿವೆ ಸರ್ ಅವು, ಬಾಗಿಲಲ್ಲಿ?"

"ಕರೀತಿವೆ," ಎಂದ ಜೇನಣ್ಣ. "ಮನೆ ಸಿಕ್ತು, ಬನ್ನಿ ಅಂತ."

ಔಷಧಿಯವರು ನಾಲ್ಕಕ್ಕೆ ಬಂದು, ಹೊಡೆಯಲು ಏನೂ ಇಲ್ಲವೆಂದು ತಿಳಿದು ಹಿಂದಿರುಗಿದರು. ಸಂಜೆ ಕೊನೆಯ ಹುಳು ಒಳಸೇರುವ ತನಕ ಕಾದು, ಬಾಗಿಲಿಗೆ ಜಾಲರಿ ಕಟ್ಟಿ, ಜೇನಣ್ಣ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮನೆಗೆ ಬಂದ. ಬಡಗಿ ಹಳ್ಳ ಕಂಡಲ್ಲೆಲ್ಲ ಗಾಡಿಯನ್ನು ನಡೆಸಿದ ಹಾಗೆ ಓಡಿಸಿದ. ಹಿತ್ತಲಲ್ಲಿ ಎಲ್ಲ ಪೆಟ್ಟಿಗೆಗಳನ್ನೂ ಅವನೇ ಇಳಿಸಿ, ಅವುಗಳ ಜಾಗದಲ್ಲೇ ಇಟ್ಟು ಹೋದ.

ಹುಡುಗಿ ಭಾನುವಾರ ಬಂದು ನೋಡುತ್ತಾಳಂತೆ ಎಂದು ಕೇಳಿದಾಗಿನಿಂದ ಅಕ್ಕನನ್ನು ಹಿಡಿಯುವವರಿಲ್ಲ. ತನ್ನಿಂದಲೇ ಜೇನು ಬಂತೆಂದು ಅವಳು ಯಾರಿಗೂ ಬಾಯಿಬಿಟ್ಟು ಹೇಳಲಿಲ್ಲ. ನಾದಿನಿಯ ಹಿಂದೆಯೇ ಓಡಾಡುತ್ತಾ, "ನಾನೇನೂ ಅನ್ನಲ್ಲಪ್ಪ," ಎಂದು ದಿನಕ್ಕೆ ನಾಲ್ಕು ಸಲ ಅಂದಳು, ಅಷ್ಟೇ.

ಮೂರನೆಯ ದಿನ ಬೆಳಿಗ್ಗೆ ಹುಳುಗಳು ಕಾಲಿಗೆ ಹಳದಿ ಪುಡಿ ಮೆತ್ತಿಕೊಂಡು ಬರುತ್ತಿರುವುದನ್ನು ಜೇನಣ್ಣ ಕೂತು ನೋಡುತ್ತಿದ್ದ. ಹೂವು ಇನ್ನೂ ಎಲ್ಲೋ ಉಳಿದಿತ್ತು. ಒಳಗೆ ಫೋನು ಬಡಿದುಕೊಂಡಿತು. ಎರಡು, ಮೂರು, ನಾಲ್ಕು. ನಿಲ್ಲಲಿಲ್ಲ. ಅವನು ಮಂಡಿಗೆ ಕೈಯೂರಿ ಎದ್ದು, ಓಡದೆ, ನಡೆದೇ ಹೋಗಿ ಎತ್ತಿದ.

"ಗುರುತಿನದಲ್ಲ ರೀ ಅದು," ಎಂದಳು ಹೆಂಡತಿ.

ಅವನು ಕೈ ಸನ್ನೆ ಮಾಡಿದ. ಮಂಡಿನೋವಿನ ಎಣ್ಣೆಯವನು. ಜೇನಣ್ಣ ಅವನ ಮಾತೆಲ್ಲ ಮುಗಿಯುವ ತನಕ ತಾಳ್ಮೆಯಿಂದ ಕೇಳಿಸಿಕೊಂಡು, ಆಮೇಲೆ ಹೇಳಿದ: "ಎಣ್ಣೆ ಇರಲಿಪ್ಪ. ನಿಮ್ಮ ಆಫೀಸಿಗೆ ಕಿಟಕಿ ಇದೆಯಾ?... ಇದೆ ತಾನೇ? ಸ್ವಲ್ಪ ಎದ್ದು ಹೊರಗೆ ನೋಡು. ಏಸಿ ಅಡಿಗೆ, ಸಜ್ಜದ ಅಡಿಗೆ, ನೀರಿನ ಪೈಪಿನ ಮೂಲೆಗೆ. ಕಂದು ಬಣ್ಣದ ಗೊಂಚಲು ಏನಾದ್ರೂ ಕಂಡ್ರೆ ನಮಗೆ ಫೋನ್ ಮಾಡು. ಎರಡು ರಿಂಗ್ ಬಿಟ್ಟು ಇಟ್ಟು ಮತ್ತೆ ಮಾಡ್ಬೇಕು, ಗೊತ್ತಾಯ್ತಾ? ನಮ್ಮಲ್ಲಿ ಇನ್ನೂ ನಾಲ್ಕು ಪೆಟ್ಟಿಗೆ ಖಾಲಿ ಇದೆ. ಪಕ್ಕದ ಆಫೀಸಿನೋರಿಗೂ ಹೇಳು. ಮತ್ತೆ ಏನಂದ್ರೆ—"

ಅವನು ಫೋನನ್ನು ಕಿವಿಯಿಂದ ತೆಗೆದು ನೋಡಿದ.

"ಏನಾಯ್ತು?" ಎಂದು ಅಕ್ಕ ಕೇಳಿದಳು.

"ಇಟ್ಟುಬಿಟ್ಟ," ಎಂದ ಜೇನಣ್ಣ, ಸ್ವಲ್ಪ ಬೇಸರದಿಂದ.

ಹೊಲಿಗೆ ಯಂತ್ರ ಮತ್ತೆ ಓಡತೊಡಗಿತು.